ಹೊಳಬಸಪ್ಪ ಕಡಲ ಗಾಳಿಗೆ ಹೋದದ್ದು

ಪಟ, ಪಟ, ಪಟ ಎಂದು ಶರಣಮ್ಮ ರೊಟ್ಟಿ ಬಡಿಯುವ ಸದ್ದು ನಿಂತು ಸ್ವಲ್ಪ ಹೊತ್ತಾಗಿತ್ತು. ಪುಣೆಯ ವಾಕಡದ ಆ ಎರಡು ಕೋಣೆಯ ಮನೆಯಲ್ಲಿ ದಿನವೂ ಬೆಳಗಾಗುವುದು ಆ ಸದ್ದಿನಿಂದಲೇ. ಹೊಳಬಸಪ್ಪ ಒಲೆಗೆ ಬೆನ್ನು ಮಾಡಿ, ಕಿಟಕಿಯ ಬೆಳಕಿಗೆ ಮೊರ ಹಿಡಿದು, ಹುರಿದ ಶೇಂಗಾದ ಸಿಪ್ಪೆ ಹಾರಿಸುತ್ತಿದ್ದ. ಹೊರಗಿನ ನಳಕ್ಕೆ ನೀರು ಬಂದಿತ್ತು. ಹೆಂಡತಿ ಕೊಡ ತಗೊಂಡು ಓಡಿದ್ದಳು. ತುಂಬಿದ ಕೊಡ ಹೊತ್ತು ತಿರುಗಿ ಬಂದವಳು ಹೊಸ್ತಿಲಲ್ಲೇ ನಿಂತಳು. ಹಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆಯಾಡುತ್ತಿತ್ತು.

“ಮನಿ ತುಂಬ ಸೀದ ವಾಸನಿ. ಇಲ್ಲೇ ಕುಂತೀರಿ, ಗೊತ್ತಾಗಲಿಲ್ಲೇನ್ರಿ?”

ಹೊಳಬಸಪ್ಪ ತಿರುಗಿ ಹಂಚನ್ನು ನೋಡಿದ. “ಇಲ್ಲ,” ಅಂದ. ಐದು ತಿಂಗಳು ಬಚ್ಚಿಟ್ಟಿದ್ದ ಮಾತು ಆ ಒಂದು ಶಬ್ದದ ಹಿಂದೆಯೇ ಹೊರಟು ಬಂತು. “ನನ್ನ ಮೂಗು ಹೋಗೇದ. ನವೆಂಬರದಾಗ ಜ್ವರ ಬಂದಿತ್ತಲ್ಲ, ಆವಾಗ ಹೋಗಿದ್ದು. ತಿರುಗಿ ಬರಲಿಲ್ಲ.”

ಶರಣಮ್ಮ ಕೊಡ ಇಳಿಸಿ, ಒಲೆ ಆರಿಸಿ, ಗಂಡನ ಎದುರಿಗೆ ಬಂದು ಕುಳಿತಳು. ಅವಳಿಗೆ ಆ ಮಾತಿನ ಅರ್ಥ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ಹೊಳಬಸಪ್ಪ ಅಡುಗೆ ಕಲಿತದ್ದು ಸೇಡಂ ಕಡೆಯ ಒಂದು ಮಠದಲ್ಲಿ. ಅಲ್ಲಿ ದಾಸೋಹದ ಅಡುಗೆಯನ್ನು ಮಾಡುವವನು ರುಚಿ ನೋಡುವಂತಿಲ್ಲ. ಉಣ್ಣುವವರ ಎಲೆಗೆ ಬೀಳುವ ಮೊದಲು ಮಾಡಿದವನ ನಾಲಿಗೆ ತಾಗಿದರೆ ಇಡೀ ಹಂಡೆ ಎಂಜಲು. ಉಪ್ಪು ಸಾಕೋ, ಹುಳಿ ಹೆಚ್ಚಾಯಿತೋ, ಬೇಳೆ ಎಷ್ಟು ಬೆಂದಿತು, ಎಲ್ಲವನ್ನೂ ಏಳುವ ಆವಿಗೆ ಮುಖ ಕೊಟ್ಟು ತಿಳಿದುಕೊಳ್ಳಬೇಕು. ಹದಿನಾಲ್ಕನೆಯ ವಯಸ್ಸಿಗೆ ಕಲಿತ ಆ ವಿದ್ಯೆ ಅವನಲ್ಲಿ ಎಷ್ಟು ಗಟ್ಟಿಯಾಯಿತೆಂದರೆ, ಅಪ್ಪನ ಸಂಗಡ ಪುಣೆಗೆ ಬಂದಾಗ, ಅಪ್ಪ ಕಟ್ಟಡಗಳಿಗೆ ಕಲ್ಲು ಹೊತ್ತರೆ, ಮಗ ಸ್ವಾರಗೇಟದ ಒಂದು ಖಾನಾವಳಿಯಲ್ಲಿ ಸೌಟು ಹಿಡಿದು ನಿಂತ. ಖಾನಾವಳಿ ಮಠವಲ್ಲ, ಬೇಕಾದರೆ ರುಚಿ ನೋಡಬಹುದಿತ್ತು. ಅವನು ನೋಡಲಿಲ್ಲ. ಇಪ್ಪತ್ತನಾಲ್ಕು ವರ್ಷ ಅಲ್ಲಿ ಎಣ್ಣಿಗಾಯಿ ಪಲ್ಯ ಮಾಡಿದ. ಎಲ್ಲರೂ ಉಂಡು ಎದ್ದ ಮೇಲೆ ತಳದಲ್ಲಿ ಉಳಿದದ್ದನ್ನು ತಾನು ಉಂಡ.

ತೊಂಬತ್ತಾರರಲ್ಲಿ ಒಂದು ಪ್ರವಾಸ ಕಂಪನಿಯವರು ಆ ಖಾನಾವಳಿಗೆ ಊಟಕ್ಕೆ ಬಂದು ಅವನನ್ನೇ ಕರೆದುಕೊಂಡು ಹೋದರು. ಪುಣೆಯ ಜನ ಯುರೋಪಿಗೆ ಹೋದರೂ ವರಣ-ಭಾತು, ಅಂದರೆ ತೊವ್ವೆ-ಅನ್ನ, ಬಿಡುವವರಲ್ಲ. ಅದಕ್ಕಾಗಿ ಪ್ರತಿ ತಂಡದ ಜೊತೆಗೆ ಒಬ್ಬ ಅಡುಗೆಯವನು, ಅವನ ಪಾತ್ರೆ, ಅವನ ಮಸಾಲೆ ಡಬ್ಬಿ ಹೋಗುತ್ತವೆ. ಹೊರಡುವ ಮೊದಲು ಪ್ರವಾಸಿಗಳನ್ನೆಲ್ಲ ಕೂಡಿಸಿ ನಡೆಸುವ ಸಭೆಯಲ್ಲಿ ಕಂಪನಿಯವರು ಹೊಳಬಸಪ್ಪನನ್ನು ಎದ್ದು ನಿಲ್ಲಿಸುತ್ತಿದ್ದರು. ಪುಣೆಯಲ್ಲಿ ಅಡುಗೆಯವನನ್ನು ಮಹಾರಾಜ ಎಂದೇ ಕರೆಯುವುದು. “ನಮ್ಮ ಮಹಾರಾಜ ಎಂದೂ ರುಚಿ ನೋಡುವುದಿಲ್ಲ. ಮೂಗಿನಿಂದಲೇ ಎಲ್ಲ,” ಎಂದು ಮೈಕಿನಲ್ಲಿ ಹೇಳಿದಾಗ ಜನ ಚಪ್ಪಾಳೆ ತಟ್ಟುತ್ತಿದ್ದರು. ಹತ್ತು ವರ್ಷದಲ್ಲಿ ಆ ಚಪ್ಪಾಳೆ ಅವನಿಗೆ ಸ್ವಲ್ಪ ರೂಢಿಯಾಗಿತ್ತು.

“ಡಾಕ್ಟರು ಏನಂತಾರ?” ಎಂದು ಶರಣಮ್ಮ ಕೇಳಿದಳು.

“ಆರು ತಿಂಗಳು ನೋಡು ಅಂದಾರ. ಅಷ್ಟರಾಗ ಬರಲಿಲ್ಲಂದ್ರ ಆಸೆ ಇಟ್ಕೋಬ್ಯಾಡ ಅಂದಾರ.”

“ಇನ್ನೂ ಒಂದು ತಿಂಗಳು ಅದ.”

“ಅದ.”

ಶರಣಮ್ಮ ಸೀದ ರೊಟ್ಟಿಯನ್ನು ಬೆರಳಿಂದ ಮುರಿಯುತ್ತ ಕುಳಿತಳು. ಆಮೇಲೆ ತಲೆಯೆತ್ತಿದಳು. “ನೀವೇ ಹೇಳ್ತಿದ್ರಲ್ಲ, ಆ ಸಮುದ್ರದ ಊರು? ರಾಜರು ರಾಣೇರು ಗಾಳಿ ತಗೊಳ್ಳಾಕ ಬರ್ತಿದ್ರಂತ?”

ಅದು ಆಡ್ರಿಯಾಟಿಕ್ ಕಡಲ ದಂಡೆಯ ಓಪಾಟಿಯಾ ಎಂಬ ಊರು. ಕಂಪನಿಯ ತಂಡ ವೆನಿಸಿನಿಂದ ಅಲ್ಲಿಗೆ ಹೋಗಿ ಎರಡು ರಾತ್ರಿ ಇಳಿಯುತ್ತಿತ್ತು. ಹಳೆಯ ಹೋಟೆಲಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಒಂದು ಮೂಲೆಯನ್ನು ಇವರಿಗೆ ಬಿಟ್ಟುಕೊಡುತ್ತಿದ್ದರು. ಆ ಮೂಲೆಯ ಕಿಟಕಿ ಹೊರಗಿನ ಫುಟ್‌ಪಾತಿನ ಮಟ್ಟಕ್ಕಿತ್ತು. ಅಲ್ಲೇ ಹೊರಗೆ ನಿಂತು ತಂಡದ ಮ್ಯಾನೇಜರ್ ಸೋನಾಲಿ ಪ್ರತಿ ವರ್ಷ ಮರಾಠಿಯಲ್ಲಿ ಅದೇ ಮಾತು ಹೇಳುತ್ತಿದ್ದಳು: ನೂರು ವರ್ಷದ ಕೆಳಗೆ ಆಸ್ಟ್ರಿಯಾದ ದೊಡ್ಡ ಮನೆತನದವರು ಎದೆ, ಗಂಟಲು, ಮೂಗಿನ ರೋಗಕ್ಕೆಂದು ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತಿದ್ದರು, ಉಪ್ಪು ಗಾಳಿ ಕುಡಿದು ವಾಸಿಯಾಗಿ ಹೋಗುತ್ತಿದ್ದರು. ಹೊಳಬಸಪ್ಪ ಈರುಳ್ಳಿ ಹೆಚ್ಚುತ್ತ ಅದನ್ನು ನಾಲ್ಕು ಸಲ ಕೇಳಿದ್ದ. ನಾಲ್ಕು ಸಲ ಹೋಗಿ ಬಂದಿದ್ದರೂ ಅವನು ಕಡಲು ನೋಡಿರಲಿಲ್ಲ. ನಸುಕಿನಲ್ಲಿ ಅವಲಕ್ಕಿಯ ಪೋಹೆ, ನಂತರ ಮಧ್ಯಾಹ್ನದ ಊಟ, ಊಟ ಮುಗಿದರೆ ರಾತ್ರಿಯದಕ್ಕೆ ನೆನೆ ಹಾಕುವುದು.

“ನಾಲ್ಕು ಸಲ ಸಮುದ್ರಕ್ಕ ಹೋಗಿ ಮಂದಿ ಚಪ್ಪಲಿ ನೋಡಿ ಬಂದೀರಿ,” ಅಂದಳು ಶರಣಮ್ಮ. “ಈ ಸಲ ಹೊರಗ ಹೋಗ್ರಿ. ದಂಡಿಗೆ ನಿಂತು ಉಸಿರು ತಗೋರಿ. ಕಂಪನಿಯವರಿಗೆ ಈಗ ಏನೂ ಹೇಳಬ್ಯಾಡ್ರಿ.”

“ತಿಳದ್ರ?”

“ವಾಸಿ ಆದ ಮ್ಯಾಲೆ ಏನು ತಿಳಿಯೂದು?”

ಅವನು ನಂಬಿದನೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಆದರೆ ಹೆಂಡತಿ ಅಂದೇ ಸೋಮವಾರದ ಒಪ್ಪತ್ತು ಹಿಡಿದಳು. ಒಬ್ಬರು ಉಪವಾಸ ಕೂತ ಮೇಲೆ ಇನ್ನೊಬ್ಬರು ನಂಬದೆ ಇರುವುದು ಕಷ್ಟ.

ಮೇ ತಿಂಗಳಲ್ಲಿ ಮೂವತ್ತೆರಡು ಜನರ ತಂಡ ಹೊರಟಿತು. ಹೊಳಬಸಪ್ಪ ಕಿವಿಯಿಂದ, ಕಣ್ಣಿಂದ, ಎಣಿಕೆಯಿಂದ ಅಡುಗೆ ಮಾಡಿದ. ಸಾಸಿವೆ ಸಿಡಿಯುವುದನ್ನು ಕೇಳಿದ, ಈರುಳ್ಳಿಯ ಬಣ್ಣ ನೋಡಿದ, ಉಪ್ಪನ್ನು ಚಮಚದಿಂದ ಅಳೆದು ಹಾಕಿದ. ಹಳೆಯ ಅಭ್ಯಾಸದಂತೆ ಪಾತ್ರೆಯ ಆವಿಗೆ ಮುಖ ಕೊಟ್ಟಾಗ ಕೆನ್ನೆ ಮಾತ್ರ ಬಿಸಿಯಾಗುತ್ತಿತ್ತು. ಆದರೂ ರೋಮಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಫ್ಲಾರೆನ್ಸಿನಲ್ಲಿ ಯಾರೋ ಎರಡನೆಯ ಸಲ ಸಾರು ಹಾಕಿಸಿಕೊಂಡರು. ಪುಣೆಯ ಕೋಥರೂಡಿನಿಂದ ಬಂದಿದ್ದ, ಮೂಲತಃ ಧಾರವಾಡದ ನಿವೃತ್ತ ಶಿಕ್ಷಕಿ ಪಂಕಜಾಕ್ಷಿಬಾಯಿ ಅಂತೂ ದಿನಾ ಅವನ ಹತ್ತಿರ ಬಂದು, “ಹೊಳಬಸಪ್ಪನವರ, ನಿಮ್ಮ ಕೈಯಾಗಿನ ಝುಣಕ ತಿಂದು ನನಗ ತವರ ಮನಿ ನೆನಪಾತು ನೋಡ್ರಿ,” ಎಂದು ಹೇಳಿ ಹೋಗುತ್ತಿದ್ದರು. ಹೊಳಬಸಪ್ಪನಿಗೆ ಒಂದೊಂದು ಊರು ದಾಟಿದಂತೆ, ಹೀಗೂ ನಡೆದೀತು ಅನ್ನಿಸತೊಡಗಿತು.

ಓಪಾಟಿಯಾ ತಲುಪಿದ ಮರುದಿನ, ಮಧ್ಯಾಹ್ನದ ಊಟ ಮುಗಿದೊಡನೆ ಅವನು ಏಪ್ರನ್ ಬಿಚ್ಚಿ ಮೆಟ್ಟಿಲು ಹತ್ತಿದ. ಬಾಗಿಲಲ್ಲಿ ಸೋನಾಲಿ ಎದುರಾದಳು.

“ಕಾಕಾ, ನೀವು ಹೊರಗೆ ಬಂದಿರಾ? ಒಳಗೆ ಬೆಂಕಿ ಬಿದ್ದಿಲ್ಲ ತಾನೇ?” ಎಂದು ಮರಾಠಿಯಲ್ಲಿ ಕೇಳಿ ನಕ್ಕಳು.

“ಸಮುದ್ರ ನೋಡಿ ಬರ್ತೇನವ್ವಾ.”

“ಎಡಕ್ಕೆ ಹೋಗಿ. ನೀರಿನ ಗುಂಟವೇ ದಾರಿ ಇದೆ. ಐದಕ್ಕೆ ಬಂದುಬಿಡಿ.”

ಅವನು ಅಂದುಕೊಂಡಂತೆ ಮರಳಿನ ದಂಡೆ ಇರಲಿಲ್ಲ. ಬಂಡೆಗಳ ಮೇಲೆ ಕಟ್ಟಿದ ಕಲ್ಲುದಾರಿ, ಒಂದು ಬದಿಗೆ ಅರಿಸಿನ ಬಣ್ಣದ ಹಳೆಯ ಬಂಗಲೆಗಳು, ಇನ್ನೊಂದು ಬದಿಗೆ ಕಡಲು. ಅಷ್ಟು ನೀರು ಅಷ್ಟು ಸುಮ್ಮನೆ ಇರಬಹುದೆಂದು ಅವನು ಎಣಿಸಿರಲಿಲ್ಲ. ತಿಳಿನೀಲಿ ನೀರಿನ ಕೆಳಗೆ ಒಂದೊಂದು ಕಲ್ಲೂ ಕಾಣುತ್ತಿತ್ತು. ಮುದುಕರು ಕೈಕೈ ಹಿಡಿದು ತಿರುಗಾಡುತ್ತಿದ್ದರು. ಒಬ್ಬಾಕೆ ಬೆಂಚಿನಲ್ಲಿ ಕುಳಿತು ಕಣ್ಣು ಮುಚ್ಚಿ ಮುಖವನ್ನು ಬಿಸಿಲಿಗೆ ಒಡ್ಡಿದ್ದಳು. ಹೊಳಬಸಪ್ಪ ಸ್ವಲ್ಪ ದೂರ ನಡೆದು, ಯಾರೂ ಇಲ್ಲದ ಕಡೆ ಕಬ್ಬಿಣದ ಕಟಾಂಜನ ಹಿಡಿದು ನಿಂತ.

ಕಣ್ಣು ಮುಚ್ಚಿ ಎದೆ ತುಂಬ ಎಳೆದುಕೊಂಡ. ತಣ್ಣನೆಯ ಗಾಳಿ ಮೂಗಿನೊಳಗೆ ಹೋಯಿತು, ಗಂಟಲಿಗೆ ಇಳಿಯಿತು, ಹೊರಗೆ ಬಂತು. ಮತ್ತೆ ಎಳೆದುಕೊಂಡ. ನೂರೊಂದು ಉಸಿರು ತಗೋರಿ ಎಂದು ಶರಣಮ್ಮ ಹೇಳಿ ಕಳಿಸಿದ್ದಳು. ಅವನು ಒಂದೊಂದಾಗಿ ಎಣಿಸಿದ. ಅರವತ್ತಕ್ಕೆ ತಲೆ ತಿರುಗಿದಂತಾಗಿ ಕುಳಿತುಕೊಂಡು, ಉಳಿದ ನಲವತ್ತೊಂದನ್ನು ಕುಳಿತೇ ಮುಗಿಸಿದ. ತುಟಿಯ ಮೇಲೆ ಉಪ್ಪು ಕೂತದ್ದು ಚರ್ಮಕ್ಕೆ ತಿಳಿಯಿತು. ಅಷ್ಟೇ.

ದಾರಿಯ ಬೇಲಿಯಲ್ಲಿ ಕಡುಹಸಿರು ಎಲೆಯ ಗಿಡಗಳಿದ್ದವು. ಅಡುಗೆಯವನ ಕಣ್ಣಿಗೆ ಅದು ತಪ್ಪಲಿಲ್ಲ: ಪುಲಾವಿಗೆ ಹಾಕುವ ಎಲೆಯ ಜಾತಿ. ಪುಣೆಯಲ್ಲಿ ಸಿಗುವುದಕ್ಕೆ ಮೂರು ನರ, ಇದಕ್ಕೆ ನಡುವೆ ಒಂದೇ. ಒಣಗಿದ ಎಲೆಯನ್ನು ಮೂವತ್ತು ವರ್ಷ ಡಬ್ಬಿಯಿಂದ ತೆಗೆದು ಹಾಕಿದವನು ಹಸಿ ಎಲೆ ನೋಡಿದ್ದು ಅದೇ ಮೊದಲು. ಒಂದನ್ನು ಕಿತ್ತು, ಅಂಗೈಯಲ್ಲಿ ಹಿಸುಕಿ, ಮೂಗಿಗೆ ಒತ್ತಿ ಹಿಡಿದ. ಅಂಗೈ ಹಸಿರಾಗಿತ್ತು, ರಸ ಅಂಟಾಗಿತ್ತು. ವಾಸನೆ ಅವನ ಪಾಲಿಗೆ ಇರಲಿಲ್ಲ. ಇನ್ನೊಂದನ್ನು ಕಿತ್ತ. ಮತ್ತೊಂದನ್ನು ಕಿತ್ತ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಮುದುಕ ನಿಂತು ನೋಡಿದಾಗ ನಾಚಿಕೆಯಾಗಿ ಕೈ ಕೆಳಗಿಳಿಸಿದ. ಡಾಕ್ಟರು ಹೇಳಿದ ಆರು ತಿಂಗಳು ಆ ವಾರಕ್ಕೆ ಮುಗಿಯುತ್ತಿತ್ತು.

ಐದಕ್ಕೆ ಅವನು ಮತ್ತೆ ನೆಲಮಾಳಿಗೆಯಲ್ಲಿದ್ದ. ಅಂದು ಹೋಳಿಗೆಯ ಊಟ. ಓಪಾಟಿಯಾದಲ್ಲಿ ಹೋಳಿಗೆ ಎಂದು ಕಂಪನಿಯ ಪ್ರಚಾರ ಪತ್ರಿಕೆಯಲ್ಲೇ ಅಚ್ಚಾಗಿತ್ತು. ಹೂರಣ ರುಬ್ಬಿ, ಕಣಕ ನಾದಿ, ಎಪ್ಪತ್ತು ಹೋಳಿಗೆ ಬೇಯಿಸಿದ. ತುಪ್ಪದ ಹೊಸ ಡಬ್ಬಿ ಒಡೆದ. ಅದು ಹನ್ನೊಂದು ದಿನ ಬಸ್ಸಿನ ಹೊಟ್ಟೆಯಲ್ಲಿ, ಎಂಜಿನ್ನಿನ ಕಾವಿನ ಪಕ್ಕ ಕೂತು ಬಂದ ಡಬ್ಬಿ. ಮುಂಚೆಯಾದರೆ ಮುಚ್ಚಳ ಎತ್ತಿದೊಡನೆ ಅವನಿಗೆ ತಿಳಿಯುತ್ತಿತ್ತು. ಈಗ ಬೆಳಕಿಗೆ ಹಿಡಿದು ನೋಡಿದ. ಬಣ್ಣ ಸರಿ ಇತ್ತು, ಹರಳು ಸರಿ ಇತ್ತು. ಒಂದೊಂದು ಹೋಳಿಗೆಯ ಮೇಲೂ ಧಾರಾಳವಾಗಿ ಸುರಿದ.

ಮೇಲಿನ ಊಟದ ಕೋಣೆಯಿಂದ ಎಂದಿನ ಗದ್ದಲ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ತುಂಬಿದ ತಟ್ಟೆಗಳು ತುಂಬಿದಂತೆಯೇ ಕೆಳಗೆ ಬಂದವು. ಅವುಗಳ ಹಿಂದೆ, ಗೋಡೆ ಹಿಡಿದು ಮೆಟ್ಟಿಲು ಇಳಿಯುತ್ತ ಪಂಕಜಾಕ್ಷಿಬಾಯಿ ಬಂದರು.

“ಹೊಳಬಸಪ್ಪನವರ, ತುಪ್ಪ ಕಮಟ ಆಗೇದಲ್ರಿ,” ಎಂದು ಮೆಲ್ಲಗೆ ಅಂದರು. “ಬಾಯಿಗೆ ಇಡಾಕ ಆಗವಲ್ದು. ಇಷ್ಟು ವಾಸನಿ ಹೊಡ್ಯಾಕ ಹತ್ತೇದ, ನಿಮಗ ಹೆಂಗ ತಿಳೀಲಿಲ್ಲ?”

“ಡಬ್ಬಿ ಹೊಸಾದ್ರಿ, ಬಾಯಾರ.”

“ಹೊಸಾದರ ಏನು. ಒಂದು ಚೂರು ನಾಲಿಗಿಗೆ ಹಚ್ಚಿ ನೋಡ್ರಿ. ಈಗ ಎಲ್ಲಾರೂ ಎದ್ದಾರ, ಇನ್ನ ಎಂಜಲ ಎಲ್ಲೀದು.”

ಅವನು ಡಬ್ಬಿಗೆ ಬೆರಳು ಅದ್ದಿದ. ಜನ ಎದ್ದಿದ್ದರು, ಆದರೆ ಉಂಡಿರಲಿಲ್ಲ. ಉಣ್ಣುವವರಿಗಿಂತ ಮೊದಲು ಅವನ ನಾಲಿಗೆಗೆ ಏನಾದರೂ ತಾಗಿದ್ದು ಜೀವಮಾನದಲ್ಲಿ ಅದೇ ಮೊದಲು. ಮಠದ ಹಿರಿಯ ಅಡುಗೆಯವನ ಮುಖ ನೆನಪಾಗಿ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಬೆರಳನ್ನು ಬಾಯಿಗಿಟ್ಟ. ನಾಲಿಗೆಯ ಮೇಲೆ ಜಿಡ್ಡು ಹರಡಿತು. ಕಮಟು ಇಲ್ಲ, ಕೆಟ್ಟದ್ದಿಲ್ಲ, ಒಳ್ಳೆಯದೂ ಇಲ್ಲ. ಮೇಣ ನೆಕ್ಕಿದ ಹಾಗೆ. ಇಷ್ಟು ವರ್ಷ ಕಾಯ್ದುಕೊಂಡು ಬಂದ ಕಟ್ಟು ಮುರಿದು ಅವನಿಗೆ ದಕ್ಕಿದ್ದು ಅದು.

ಪಂಕಜಾಕ್ಷಿಬಾಯಿ ಅವನ ಮುಖವನ್ನೇ ನೋಡುತ್ತಿದ್ದರು. ನಲವತ್ತು ವರ್ಷ ಮಕ್ಕಳ ಮುಖ ಓದಿದವರು. “ನಿಮಗ ವಾಸನಿ ಬರೂದಿಲ್ಲೇನ್ರಿ?” ಎಂದು ಕೇಳಿದರು. ಅವನು ಡಬ್ಬಿಯ ಮುಚ್ಚಳ ಹುಡುಕತೊಡಗಿದ. ಆಕೆ ಅದನ್ನು ತಾವೇ ಎತ್ತಿ ಅವನ ಕೈಗೆ ಕೊಟ್ಟು ಮೇಲೆ ಹೋದರು.

ಅಂದು ರಾತ್ರಿ ಸೋನಾಲಿ ಎಲ್ಲರಿಗೂ ಪಿಜ್ಜಾ ತರಿಸಿದಳು. ಪಂಕಜಾಕ್ಷಿಬಾಯಿ ಯಾರಿಗೂ ಹೇಳಿರಲಿಕ್ಕಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮರುದಿನದಿಂದ ಮೂವತ್ತೆರಡು ಜನರೂ ಹೊಳಬಸಪ್ಪ ಬಡಿಸಿದ್ದನ್ನು ಮೊದಲು ಮೂಗಿಗೆ ಹಿಡಿದು, ಆಮೇಲೆ ಬಾಯಿಗೆ ಹಾಕುತ್ತಿದ್ದರು. ಅವನು ಅವರನ್ನೇ ನೋಡುತ್ತ ಸೌಟು ಹಿಡಿದು ನಿಲ್ಲುತ್ತಿದ್ದ.

ವಾಕಡಕ್ಕೆ ತಿರುಗಿ ಬಂದಾಗ ಶರಣಮ್ಮ ಬಾಗಿಲಲ್ಲೇ ಇದ್ದಳು. “ಹೆಂಗಿತ್ತ್ರಿ ಗಾಳಿ?”

“ಗಾಳಿ ಚೊಲೋ ಇತ್ತು.”

ಶರಣಮ್ಮ ಅವನ ಚೀಲ ಬಿಚ್ಚಿ ಮೈಲಿಗೆ ಬಟ್ಟೆ ಬೇರೆ ಮಾಡಿದಳು. ಅದರ ಮುಂದಿನ ಸೋಮವಾರ ಎರಡೂ ಹೊತ್ತು ಉಂಡಳು.

ಜೂನಿನ ಮೊದಲ ವಾರ ಕಂಪನಿಯಿಂದ ಕರೆ ಬಂತು. ಪುಣೆಯ ವಿಮಾನ ನಗರ ಎಂಬ ಬಡಾವಣೆಯಲ್ಲಿ ಮೂರನೆಯ ಮಹಡಿಯ ಕಚೇರಿ. ಗಾಜಿನ ಗೋಡೆ, ತಂಪು ಗಾಳಿಯ ಯಂತ್ರ. ಅಲ್ಲಿ ಎಲ್ಲವನ್ನೂ ನೋಡಿಕೊಳ್ಳುವವನು ಕಿಶೋರ, ವಿಜಾಪುರದ ಕಡೆಯ ವ್ಯಾಪಾರಸ್ಥರ ಮನೆಯ ಹುಡುಗ, ಮನೆಮಾತು ಕನ್ನಡ. ಹೊಳಬಸಪ್ಪನನ್ನು ಕಂಡು ಎದ್ದು ನಿಂತು, ಕುರ್ಚಿ ಎಳೆದು ಕೂಡಿಸಿದ.

“ಕಾಕಾ, ತುಪ್ಪದ್ದು ಬಿಟ್ಟುಬಿಡ್ರಿ. ಸೋನಾಲಿ ಎಲ್ಲಾ ಹೇಳ್ಯಾಳ. ನಿಮ್ಮ ವಯಸ್ಸಿಗೆ ಆಗೂದ ಅದು. ನಾ ನಿಮ್ಮನ್ನ ಬಿಡಂಗಿಲ್ಲ.”

“ಒಂದು ಸಲ ನೋಡ್ರಿ ಧಣ್ಯಾರ,” ಅಂದ ಹೊಳಬಸಪ್ಪ. ಬಸ್ಸಿನಲ್ಲಿ ಬರುವಾಗ ಕಟ್ಟಿಕೊಂಡು ಬಂದ ಮಾತು. “ಇನ್ನ ಮ್ಯಾಲೆ ನಾ ಯಾರಿಗ್ಯಾರ ತುಪ್ಪ, ಎಣ್ಣಿ ತೋರಿಸಿ ಕೇಳಿ ಹಾಕ್ತೀನಿ. ಉಳಿದದ್ದು ಕೈ ಮಾಡ್ತದ. ಕೈ ಏನೂ ಮರ್ತಿಲ್ಲ.”

“ಅಡಿಗಿ ಭಾರ ನಿಮಗ್ಯಾಕ್ರಿ? ದೇವದಾಸ್ ಅಂತ ಒಬ್ಬಂವ ಬಂದಾನ, ಅಂವ ಮಾಡ್ತಾನ. ನಿಮಗ ಬ್ಯಾರೆ ಅದ, ಕೇಳ್ರಿ.” ಕಿಶೋರ ಮುಂದಕ್ಕೆ ಬಾಗಿದ. “ಸಭಾ ಇರ್ತಾವಲ್ಲ, ಅದಕ್ಕ ನೀವು ಬರ್ರಿ. ಬಿಳಿ ಧೋತರ, ಹೆಗಲ ಮ್ಯಾಲೆ ಶಾಲು, ಸುಮ್ಮ ಕೂಡ್ರಿ. ಎಂದೂ ರುಚಿ ನೋಡದ ಮಹಾರಾಜ ಅಂತ ನಾ ಹೇಳ್ತೀನಿ. ಜನ ಅದನ್ನ ಕೇಳಾಕ ಬರ್ತಾರ, ಕಾಕಾ. ನಿಮ್ಮ ಫೋಟೋ ಪತ್ರಿಕಿ ಮ್ಯಾಲೆ.”

“ಆ ದೇವದಾಸ್ ರುಚಿ ನೋಡ್ತಾನೇನು?”

“ನೋಡ್ತಾನ. ಒಳಗ ಯಾರು ನೋಡಾಕ ಬರ್ತಾರ್ರಿ?”

ಹೊಳಬಸಪ್ಪ ಎದ್ದ. ಕುರ್ಚಿಯನ್ನು ಮೊದಲಿದ್ದ ಕಡೆಗೆ ಸರಿಸಿಟ್ಟ.

“ನೀರು ಬೇಕೇನ್ರಿ? ಅಲ್ಲೇ ಬಲಕ್ಕ ಅದ,” ಎನ್ನುತ್ತ ಕಿಶೋರ ಮೇಜಿನ ಖಾನೆ ಎಳೆದು ಏನನ್ನೋ ಹುಡುಕತೊಡಗಿದ. “ಮತ್ತ ಓಪಾಟಿಯಾಕ್ಕ ಒಂದು ಸಲ ನಾನ ನಿಮ್ಮನ್ನ ಕಳಸ್ತೀನಿ, ಅಡಿಗಿಗಲ್ಲ, ಪ್ರವಾಸಿ ಆಗಿ. ಶರಣಮ್ಮ ಕಾಕೂನೂ ಬರಲಿ. ಈಗ ಫೋಟೋಕ್ಕ ಒಂದು ಪಗಡಿ ಬೇಕಲ್ಲ, ನಿಮ್ಮ ತಲಿ ಅಳತಿ ಎಷ್ಟರೀ?”

ಅಷ್ಟರಲ್ಲಿ ಹೊಳಬಸಪ್ಪ ಎಡಗಡೆಯ ಹೊರಬಾಗಿಲು ತಳ್ಳಿ, ಲಿಫ್ಟಿಗೆ ಕಾಯದೆ, ಒಂದೊಂದೇ ಮೆಟ್ಟಿಲು ಇಳಿಯತೊಡಗಿದ್ದ.