ಪರಸಿ ಒಡೆಯುವ ಎಂಜಿನ್

ವಡಾಲದ ಗೂಡ್ಸ್ ಯಾರ್ಡಿಗೆ ಹತ್ತಿಕೊಂಡಂತಿದ್ದ ನೀಲಕಂಠಪ್ಪನವರ ಪರಸಿ ಕಲ್ಲು ದಾಸ್ತಾನಿನ ವಖಾರದಲ್ಲಿ ಮುರಿಗೆಪ್ಪ ಇಪ್ಪತ್ತೆರಡು ವರ್ಷ ಗಾಡಿ ಓಡಿಸಿದ. ಶಹಾಬಾದಿನಿಂದ ವ್ಯಾಗನ್ನಿನಲ್ಲಿ ಬಂದಿಳಿದ ಈ ನೆಲಹಾಸಿನ ಕಲ್ಲನ್ನು ಚೆಂಬೂರು, ಘಾಟ್ಕೋಪರ್, ಮುಲುಂಡ್ ಎಂದು ಎಲ್ಲೆಲ್ಲಿ ಬಿಲ್ಡಿಂಗ್ ಏಳುತ್ತಿತ್ತೋ ಅಲ್ಲಿಗೆ ಮುಟ್ಟಿಸುವುದು ಅವನ ಕೆಲಸ. ವಿಜಾಪುರದ ಕಡೆಯ ಮನುಷ್ಯ, ಮಾತು ಕಡಿಮೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸುಳ್ಳು ಹೇಳಿದ. ಹೇಳುವುದು ಹೇಳಿದ, ದೊಡ್ಡದನ್ನೇ ಹೇಳಿದ.

ಗಾಡಿ ಎಂದರೆ ಮಿಲಿಟರಿಯವರು ಹರಾಜಿಗೆ ಹಾಕಿದ್ದ ದಪ್ಪ ಚಾಸಿಯ ಪಿಕಪ್ ಟ್ರಕ್ಕು. ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಮೂರೇ ಮೂರು ಗೇರು. ಪೆಟ್ರೋಲನ್ನು ಮದುವೆ ಮನೆಯ ನೀರಿನಂತೆ ಕುಡಿಯುತ್ತಿತ್ತು. ಆದರೆ ಒಂದು ಗುಣವಿತ್ತು: ಸಾಯನ್ ದಾಟಿ ಮೂರನೇ ಗೇರಿಗೆ ಹಾಕಿದರೆ ಮುಲುಂಡಿನ ತನಕ ಗೇರು ಮುಟ್ಟುವ ಗೋಜೇ ಇಲ್ಲ. ನಡಿಗೆಯ ವೇಗಕ್ಕಿಳಿದರೂ ಗೊಣಗದೆ ಮತ್ತೆ ಎದ್ದು ಓಡುತ್ತಿತ್ತು. ಬದಲಿಸಲೇಬೇಕಾದರೂ ಮುರಿಗೆಪ್ಪ ಕ್ಲಚ್ ತುಳಿಯುತ್ತಿರಲಿಲ್ಲ. ಎಂಜಿನ್ನಿನ ಸದ್ದು ಕಿವಿಯಲ್ಲೇ ಅಳೆದು, ಆಕ್ಸಿಲರೇಟರ್ ಚೂರು ಬಿಟ್ಟು, ಎಂಜಿನ್ನಿನ ಓಟ, ಗಾಡಿಯ ಓಟ ಎರಡೂ ಸಮ ಬಂದ ಗಳಿಗೆಯಲ್ಲಿ ಗೇರನ್ನು ಜಾರಿಸಿಬಿಡುತ್ತಿದ್ದ. ನೋಡಿದವರು ಏನು ಕೈಚಳಕ ಎನ್ನುತ್ತಿದ್ದರು. ಕೈಚಳಕವೂ ಇಲ್ಲ, ಮಣ್ಣೂ ಇಲ್ಲ. ಅವನ ಎಡಗಾಲಿನ ಮೊಣಕಾಲು ಹೋಗಿತ್ತು.

ಮೂಳೆ ಸವೆದಿದೆ, ತುಳಿಯುವ ಕೆಲಸ ಬಿಡು ಎಂದು ಡಾಕ್ಟರು ಹೇಳಿ ಆಗಲೇ ಎರಡು ವರ್ಷವಾಗಿತ್ತು. ದಿನಾ ಸಂಜೆ ಆಂಟಾಪ್ ಹಿಲ್ಲಿನ ಚಾಳಿನ ಖೋಲಿಯಲ್ಲಿ ಹೆಂಡತಿ ರಾಚವ್ವ ಬಿಸಿ ಎಣ್ಣೆ ತಿಕ್ಕುತ್ತ, "ಸಾವಕಾರ್ರ ಮುಂದ ಹೇಳಿಬಿಡ್ರಿ, ಅವ್ರೇನು ಹುಲಿ ಅಲ್ಲ," ಎನ್ನುತ್ತಿದ್ದಳು. ಮುರಿಗೆಪ್ಪ ಬಾಗಿಲಾಚೆಯ ಮೆಟ್ಟಿಲ ಕಡೆ ನೋಡುತ್ತಿದ್ದ. ಬಟ್ಟೆ ಗಿರಣಿಗಳ ಸ್ಟ್ರೈಕಿನಲ್ಲಿ ಕೆಲಸ ಹೋಗಿ ಮೂರು ವರ್ಷವಾಗಿದ್ದರೂ ಚಾಳಿನ ಮೆಟ್ಟಿಲ ಮೇಲೆ ಹಗಲು ಹೊತ್ತಿನಲ್ಲಿ ಇನ್ನೂ ಗಂಡಸರು ಕೂತಿರುತ್ತಿದ್ದರು. ಒಂದು ಕಾಲಕ್ಕೆ ಮಗ್ಗದ ಮುಂದೆ ನಿಂತವರು ಈಗ ಹೆಂಡತಿ ಹಪ್ಪಳ ಒಣಗಿಸಿದರೆ ಕಾಗೆ ಕಾಯುತ್ತಿದ್ದರು. ಆ ಮೆಟ್ಟಿಲ ಮೇಲೆ ತನಗೂ ಒಂದು ಜಾಗವಿದೆ ಎಂದು ಅವನಿಗೆ ಭಯ.

ಎಂಬತ್ತೈದರಲ್ಲಿ ಎಂಜಿನ್ ಹೊಗೆ ಕಾರತೊಡಗಿತು. ಬೈಕುಲ್ಲಾದಲ್ಲಿ ಅಣ್ಣು ಎಂಬ ಮಂಗಳೂರು ಕಡೆಯ ಮಿಸ್ತ್ರಿಯ ಗ್ಯಾರೇಜಿತ್ತು. ಅವನು ಎಲ್ಲ ಬಿಚ್ಚಿ ಹರವಿ ಎರಡು ದಾರಿ ಹೇಳಿದ. ಇದೇ ಪೆಟ್ರೋಲ್ ಎಂಜಿನ್ನನ್ನು ಬೋರ್ ಮಾಡಿಸಿ, ಎಂದರೆ ಸವೆದ ಸಿಲಿಂಡರು ಕೊರೆಸಿ, ಮತ್ತೆ ಕೂರಿಸಬಹುದು. ಇಲ್ಲವೇ ಇದನ್ನು ಕಿತ್ತೆಸೆದು ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನನ್ನು ಅದರದೇ ಐದು ಗೇರಿನ ಡಬ್ಬಿ ಸಮೇತ ಹಾಕಬಹುದು. ಕಲ್ಲು ಹೊರುವ ಗಾಡಿಗೆ ಡೀಸೆಲ್ಲೇ ಸೈ. ಪೆಟ್ರೋಲ್ ಓಡುವುದಕ್ಕೆ, ಡೀಸೆಲ್ ಎಳೆಯುವುದಕ್ಕೆ. ಖರ್ಚು ಅರ್ಧಕ್ಕಿಳಿಯುತ್ತದೆ. ಇಷ್ಟು ಹೇಳಿ, ಮುರಿಗೆಪ್ಪನನ್ನು ಪಕ್ಕಕ್ಕೆ ಕರೆದು, ಎಣ್ಣೆಗೈಯಲ್ಲಿ ಒಂದು ಬೇರಿಂಗ್ ಹಿಡಿದು ತೋರಿಸಿದ.

"ಎಂತ ಮಾರಾಯ, ಕ್ಲಚ್ ಬೇರಿಂಗ್ ನಿನ್ನೆ ಹಾಕಿದ ಹಾಗೆ ಉಂಟು. ಗೇರಿನ ಹಲ್ಲು ಮಾತ್ರ ಇಲಿ ಕಡಿದ ಹಾಗೆ. ಕಾಲು ಎಷ್ಟು ಸಮಯದಿಂದ ಹೀಗೆ?"

ಮುರಿಗೆಪ್ಪ ಗ್ಯಾರೇಜಿನ ಮೂಲೆಗೆ ನಡೆದ. ಅಲ್ಲಿ ಅಂಥದೇ ಡೀಸೆಲ್ ಎಂಜಿನ್ ಕೂರಿಸಿ ನಿಲ್ಲಿಸಿದ್ದ ಬೇರೊಬ್ಬರ ಗಾಡಿಯ ಕ್ಲಚ್ಚನ್ನು ಒಮ್ಮೆ ತುಳಿದು ನೋಡಿದ. ಬಂಡೆ ತುಳಿದಂತಾಯಿತು. ನೋವು ತೊಡೆಗೆ ಏರಿ ಸೊಂಟಕ್ಕೆ ಹೋಯಿತು. ಐದು ಗೇರು, ಚೂರು ನಿಧಾನವಾದರೆ ಕೆಳಗೆ, ಚೂರು ಬಿಟ್ಟರೆ ಮೇಲೆ. ಇಷ್ಟು ಬದಲಿಸುವಾಗ ಕಿವಿ ನಂಬಿ ಜಾರಿಸುವ ಆಟ ನಡೆಯದು; ಮುಲುಂಡಿಗೆ ಒಂದು ಸಲ ಹೋಗಿಬರುವುದರಲ್ಲಿ ಇನ್ನೂರು ಸಲ ತುಳಿಯಬೇಕು.

ಮರುದಿನ ನೀಲಕಂಠಪ್ಪನವರು ಗಾದಿಯ ಮೇಲೆ ಕೂತು ಕೇಳಿದರು: "ಅಣ್ಣು ಡೀಸೆಲ್ ಹಾಕ್ಸು ಅಂತಾನ. ನಂಗ ಕಲ್ಲು ಗೊತ್ತು, ಎಂಜಿನ್ ಗೊತ್ತಿಲ್ಲ. ನೀ ಹ್ಯಾಂಗಂತಿ ಹಾಂಗ."

"ಬ್ಯಾಡ್ರಿ ಸಾವಕಾರ್ರ," ಎಂದ ಮುರಿಗೆಪ್ಪ. ನಾಲಿಗೆ ತಾನಾಗಿ ಹೊರಳಿತು. "ಡೀಸೆಲ್ ಭಾಳ ನಡಗತೈತ್ರಿ. ಮುಲುಂಡ್ ಮುಟ್ಟೂದ್ರಾಗ ಪರಸಿ ಎಲ್ಲಾ ಸೀಳತಾವು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಕಲ್ಲಿನ ವ್ಯಾಪಾರಿಗೆ ಕಲ್ಲು ಒಡೆಯುತ್ತದೆ ಎಂದರೆ ಮುಗಿಯಿತಲ್ಲ. ನೀಲಕಂಠಪ್ಪನವರು ಕೂಡಲೇ ಪೆಟ್ರೋಲ್ ಎಂದರು. ಅಷ್ಟಕ್ಕೇ ಬಿಡಲಿಲ್ಲ; ವಖಾರಕ್ಕೆ ಬಂದವರಿಗೆಲ್ಲ ಚಹಾ ಕೊಟ್ಟು, ಡೀಸೆಲ್ಲಿನ ನಡುಕಕ್ಕೆ ಪರಸಿ ಹೇಗೆ ಸೀಳುತ್ತದೆ ಎಂದು ತಾವೇ ಕಂಡುಹಿಡಿದವರಂತೆ ವಿವರಿಸತೊಡಗಿದರು. ಮುರಿಗೆಪ್ಪ ಆ ಮಾತು ಶುರುವಾದರೆ ಗಾಡಿ ಒರೆಸಲು ಹೋಗುತ್ತಿದ್ದ.

ಆಮೇಲಿನ ಮೂರು ವರ್ಷ ಹೇಗೆ ಕಳೆದನೋ ಅವನಿಗೇ ಗೊತ್ತು. ಸುತ್ತಲಿನ ವಖಾರದವರೆಲ್ಲ ಒಬ್ಬೊಬ್ಬರಾಗಿ ಡೀಸೆಲ್ಲಿಗೆ ಹೋದರು, ಬಾಡಿಗೆ ಇಳಿಸಿದರು, ಮುಲುಂಡಿನ ಕಂತ್ರಾಟುದಾರರನ್ನು ಎಳೆದುಕೊಂಡರು. ನೀಲಕಂಠಪ್ಪನವರ ಗಾಡಿ ವಾರದಲ್ಲಿ ಎರಡು ದಿನ ನಿಂತೇ ಇರತೊಡಗಿತು. ಆ ದಿನಗಳಲ್ಲಿ ಮೊಣಕಾಲಿಗೆ ವಿಶ್ರಾಂತಿ ಸಿಗುತ್ತಿತ್ತು, ಅವನಿಗೆ ಸಿಗುತ್ತಿರಲಿಲ್ಲ. ಧಣಿಯ ಅನ್ನ ಉಂಡು ಧಣಿಯ ಬಾಯಿಗೇ ಮಣ್ಣು ಹಾಕಿದೆನಲ್ಲ ಎಂದು ಕೊರಗಿ ಕೊರಗಿ ಅರ್ಧವಾದ.

ಎಂಬತ್ತೆಂಟರ ಮಳೆಗಾಲದಲ್ಲಿ ಘಾಟ್ಕೋಪರಿನ ಸಿಗ್ನಲ್ಲಿನಲ್ಲಿ ಕ್ಲಚ್ ತುಳಿದ ಕಾಲು ಮೇಲೇಳಲೇ ಇಲ್ಲ. ಹಿಂದಿನ ಬಸ್ಸಿನ ಕಂಡಕ್ಟರ್ ಇಳಿದು ಬಂದು ಅವನನ್ನು ಎತ್ತಿ ಇಳಿಸಿದ. ನೀಲಕಂಠಪ್ಪನವರು ಬೈಯಲಿಲ್ಲ. "ಇಷ್ಟ ದಿನಾ ಯಾಕ ಮುಚ್ಚಿಟ್ಟಿ, ಹುಚ್ಚಾ," ಎಂದು ವಖಾರದ ಬಾಗಿಲಲ್ಲಿ ಕುರ್ಚಿ ಹಾಕಿಸಿ, ಬಂದ ಕಲ್ಲು ಎಣಿಸುವ ಕೆಲಸ ಕೊಟ್ಟರು. ಪಗಾರ ಒಂದು ಪೈಸೆ ಇಳಿಸಲಿಲ್ಲ. ಮೂರು ವರ್ಷದ ಹಿಂದೆ ಬಾಯಿ ಬಿಟ್ಟಿದ್ದರೂ ಇದೇ ಕುರ್ಚಿ ಸಿಗುತ್ತಿತ್ತು ಎಂದು ಹೊಳೆದ ಕ್ಷಣ ಮುರಿಗೆಪ್ಪನಿಗೆ ಎಣಿಸುತ್ತಿದ್ದ ಕಲ್ಲಿನ ಲೆಕ್ಕ ತಪ್ಪಿತು.

ಹೊಸ ಡ್ರೈವರ್ ಚಂದ್ರಾಮ ಬಂದ. ನಲವತ್ತರ ಆಳು, ಎದೆಗಾರ, ಹತ್ತು ವರ್ಷ ಡೀಸೆಲ್ ಲಾರಿ ಓಡಿಸಿದವನು. ನಾಲ್ಕನೇ ದಿನ ಕೀಲಿಕೈ ಗಾದಿಯ ಮೇಲಿಟ್ಟು ಎಲ್ಲರೆದುರಿಗೆ ಕೇಳಿಯೇಬಿಟ್ಟ.

"ಸಾವಕಾರ್ರ, ಕಲ್ಲ ಹೊರೂ ಗಾಡಿಗೆ ಪೆಟ್ರೋಲ್ ಇಟ್ಟಾವ ಯಾವ ಶ್ಯಾಣ್ಯಾರಿ? ಇಡೀ ಮುಂಬೈದಾಗ ಪರಸಿ ಡೀಸೆಲ್‌ದಾಗ ಹೊಂಟಾವು, ಒಂದರ ಸೀಳೇತೇನು?"

ನೀಲಕಂಠಪ್ಪನವರ ಮುಖ ಕೆಂಪಾಯಿತು. ಊರ ತುಂಬ ಸಾರಿಕೊಂಡು ಬಂದವರು ಅವರೇ ತಾನೆ. ಹಮಾಲರು ಕಲ್ಲು ಇಳಿಸುವುದನ್ನು ನಿಲ್ಲಿಸಿ ನೋಡಿದರು. ಮುರಿಗೆಪ್ಪ ಕುರ್ಚಿಯ ಕೈ ಹಿಡಿದು ಎದ್ದು ನಿಂತ. ಈಗ ಹೇಳದಿದ್ದರೆ ಸಾಯುವ ತನಕ ಹೇಳಲಾರೆ ಎಂದು ಅವನಿಗೆ ಗೊತ್ತಿತ್ತು.

"ತಪ್ಪು ನಂದೈತ್ರಿ," ಎಂದ. "ಪರಸಿ ಸೀಳತಾವು ಅಂದದ್ದು ಸುಳ್ಳು. ನನ್ನ ಕಾಲಿಗೆ ಡೀಸೆಲ್ ಆಗತಿರಲಿಲ್ಲ. ಕೆಲಸ ಹೋಗತೈತಿ ಅಂತ ಹೆದರಿ ಸಾವಕಾರ್ರಿಗೆ ಮೋಸ ಮಾಡೀನಿ."

ನೀಲಕಂಠಪ್ಪನವರು ಅವನನ್ನೇ ನೋಡಿದರು. ನೋಡ ನೋಡುತ್ತ ಅವರ ಕಣ್ಣು ತುಂಬಿತು.

"ನೋಡಿದ್ಯೇನೋ ಚಂದ್ರಾಮ," ಎಂದರು. "ನಾಕು ಮಂದ್ಯಾಗ ನನ್ನ ಮಾನ ಹೋಗಬಾರದು ಅಂತ ತನ್ನ ಮ್ಯಾಲ ಹಾಕ್ಕೊಳ್ಳಾಕತ್ಯಾನ. ಇಪ್ಪತ್ತೆರಡು ವರ್ಷದಾಗ ಒಂದು ಸುಳ್ಳು ಆಡದಾವ, ಇವತ್ತು ನನ್ನ ಸಲುವಾಗಿ ಆಡ್ಯಾನ. ಇಂಥಾ ಮನಿಷ್ಯಾ ಸಿಗತಾನೇನು?"

"ಅಲ್ರಿ, ಖರೇನ ಹೇಳಾಕತ್ತೀನ್ರಿ," ಎಂದ ಮುರಿಗೆಪ್ಪ.

"ಸಾಕು, ಕೂಡು," ಎಂದರು ನೀಲಕಂಠಪ್ಪನವರು. ಅವನ ಹೆಗಲು ಒತ್ತಿ ಕುರ್ಚಿಯ ಮೇಲೆ ಕೂರಿಸಿ, ಚಂದ್ರಾಮನಿಂದ ಅವನ ಕಾಲು ಮುಟ್ಟಿಸಿದರು.