ಕೋರೆಹಲ್ಲಿನೊಳಗಿನ ಗೆರೆ

ಹೋದ ವಾರ ಅವ್ವನ ಟ್ರಂಕಿನ ತಳದಲ್ಲಿ ಸಿಕ್ಕ ತಗಡಿನ ಡಬ್ಬಿ ತೆರೆದೊಡನೆ ಲವಂಗದೆಣ್ಣೆಯ ವಾಸನೆ ಬಂತು. ಒಳಗೆ ಎರಡು ಗಾಜಿನ ನಡುವೆ ನನ್ನದೇ ಹಾಲುಹಲ್ಲಿನ ತೆಳು ಬಿಲ್ಲೆ... ಮಗ್ಗುಲ ಖೋಲಿಯ ಕಾಕಾ ನೆನಪಾದರು.

ಐವತ್ತರ ದಶಕ, ಮುಂಬಯಿಯ ಪರೇಲದ ಚಾಳು. ಕಾಕಾ ಹಲ್ಲಿನ ಕಾಲೇಜೊಂದರಲ್ಲಿ ಹಲ್ಲುಗಳನ್ನು ಸಾಣೆಕಲ್ಲಿಗೆ ತಿಕ್ಕಿ, ಬೆಳಕು ಹಾಯುವಷ್ಟು ತೆಳುವಾಗಿಸುವ ಕೆಲಸದಲ್ಲಿದ್ದರು. ಬಿದ್ದ ಹಲ್ಲನ್ನು ಮನೆಯ ಮೇಲೆ ಎಸೆಯುವುದು ನಮ್ಮ ಪದ್ಧತಿ. ನಾಲ್ಕು ಅಂತಸ್ತಿನ ಚಾಳಿನಲ್ಲಿ ಎಲ್ಲಿಗೆ ಎಸೆಯೋಣ? ಮಕ್ಕಳೆಲ್ಲ ಕಾಕಾರಿಗೆ ಕೊಡುತ್ತಿದ್ದೆವು.

"ಹೊರಗಿನ ಹೊಳಪಿನ ಒಳಗ ಇರೂದು ಡೆಂಟಿನ್. ನೀವು ನೆಲ ಸಾರಿಸ್ಕೋತ ಹಿಂದ ಸರೀತೀರಲ್ಲ, ಹಂಗ ಅದನ್ನ ಕಟ್ಟೋ ಜೀವಕಣ ದಿನಾ ಒಂದು ಪದರ ಹಾಕಿ ಒಳಗ ಸರೀತಾವು. ಜಡ್ಡಿನ ದಿನ ಪದರ ಸರಿ ಕೂಡೂದಿಲ್ಲ, ಗೆರಿ ಉಳೀತದ. ಪದರ ಎಣಿಸಿದ್ರ ಎಷ್ಟನೇ ತಿಂಗಳಿನ ಜಡ್ಡು ಅಂತನೂ ತಿಳೀತದ," ಅನ್ನುತ್ತಿದ್ದರು.

ಹನ್ನೊಂದನೇ ವಯಸ್ಸಿಗೆ ನನ್ನ ಕೋರೆಹಲ್ಲು ಬಿತ್ತು. ಕಾಕಾಗೆ ಕೊಡಬೇಡ ಎಂದಳು ಅವ್ವ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಕದ್ದು ಕೊಟ್ಟೆ.

ಒಂದು ಭಾನುವಾರ ಕಾಕಾ ಗಾಜು ಹಿಡಿದು ನಗುತ್ತ ಬಂದರು. "ವೈನಿ, ಈಕಿ ಆರು ತಿಂಗಳ ಕೂಸಿದ್ದಾಗ ದೊಡ್ಡ ಜಡ್ಡು ಬಂದಿತ್ತಲ್ಲ?"

"ಇಲ್ರಿ," ಅಂದಳು ಅವ್ವ. ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಅಪ್ಪ ಪೇಪರು ಕೆಳಗಿಟ್ಟ.

ನನ್ನ ಅವಳಿ ತಂಗಿ ಸತ್ತದ್ದು ಆರು ತಿಂಗಳಿಗೇ. ಅಪ್ಪ ಆಗ ಊರಿಗೆ ಹೋಗಿದ್ದ. ಬಟ್ಟೆ ಗಿರಣಿಯ ಕೆಲಸಕ್ಕೆ ಹೋಗುವ ಕೆಲ ತಾಯಂದಿರು ಕೂಸು ಮಲಗಲೆಂದು ಅಫೀಮಿನ ಗುಳಿಗೆ ಕೊಡುತ್ತಿದ್ದ ಕಾಲ. ಅವ್ವನೂ ಗಿರಣಿಗೆ ಹೋಗುತ್ತಿದ್ದಳು. "ನನ್ನ ಮಕ್ಕಳಿಗೆ ಅದನ್ನ ಕೊಟ್ಟಿ ಅಂದ್ರ ಈ ಹೊಸ್ತಿಲ ನಿನಗಿಲ್ಲ" ಎಂದು ಅಪ್ಪ ಹೇಳಿಯೇ ಹೋಗಿದ್ದನಂತೆ. ಜ್ವರ ಬಂದು ತಂಗಿ ಹೋದಳು, ನನಗೆ ಏನೂ ಆಗಿರಲಿಲ್ಲ ಎಂದು ಅವ್ವ ಅವನಿಗೆ ಹೇಳಿದ್ದಳು.

"ಗೆರಿ ಖರೇನ ಅದ ಏನು?" ಅಪ್ಪ ಕೇಳಿದ.

ಕಾಕಾ ಅವ್ವನ ಮುಖ ನೋಡಿದರು. "ಇಲ್ಲ ಬಿಡ್ರಿ. ಸಾಣಿ ಗೀರು ಇರಬೇಕು. ನಂದ ತಪ್ಪು." ಗಾಜನ್ನು ಅವ್ವನ ಕೈಗಿಟ್ಟು ಹೋದರು. ಮುಂದೆ ಯಾವ ಮಗುವಿನ ಹಲ್ಲನ್ನೂ ಅವರು ಮುಟ್ಟಲಿಲ್ಲ. ವರ್ಷದೊಳಗೆ ಖೋಲಿಯನ್ನೂ ಬಿಟ್ಟರು. ಅಪ್ಪ ಮತ್ತೆ ಕೇಳಲಿಲ್ಲ. ಆದರೆ ನಾನು ನಕ್ಕಾಗಲೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದ. ನನಗೆ ನಗಲು ಹೆದರಿಕೆಯಾಗುತ್ತಿತ್ತು.

ಅಪ್ಪ ಹೋದ ಎಷ್ಟೋ ವರ್ಷಗಳ ಮೇಲೆ, ತನ್ನ ಕೊನೆಯ ದಿನಗಳಲ್ಲಿ ಅವ್ವ ಹೇಳಿದಳು: "ಇಬ್ಬರಿಗೂ ಗುಳಿಗಿ ಕೊಟ್ಟಿದ್ದೆ. ನೀ ಮೂರು ದಿನಕ್ಕ ಕಣ್ಣು ತೆರೆದಿ. ಆಕಿ ತೆರೀಲಿಲ್ಲ."

ನಿನ್ನೆ ಬಿಲ್ಲೆಯನ್ನು ಹಲ್ಲಿನ ಡಾಕ್ಟರಿಗೆ ತೋರಿಸಿದೆ. ಸಾಣೆಯ ಗೀರು ನೆಟ್ಟಗಿರುತ್ತದೆ, ಇದು ಪದರದ ಜೊತೆಗೇ ಬಾಗಿದೆ ಎಂದರು. ಕಾಕಾರಿಗೆ ಅಂದೇ ಗೊತ್ತಿತ್ತು. ತಪ್ಪು ನಿಮ್ಮದಲ್ಲ ಎಂದು ಅವರಿಗೊಂದು ಮಾತು ಹೇಳಬೇಕಿತ್ತು... ಈಗ ಅವರೂ ಇಲ್ಲ, ಅವ್ವನೂ ಇಲ್ಲ. ತಂಗಿಯದೊಂದು ಫೋಟೋ ಕೂಡ ಇಲ್ಲ. ಅವಳು ಇದ್ದಳು ಅನ್ನುವುದಕ್ಕೆ ಉಳಿದದ್ದು ನನ್ನ ಹಲ್ಲಿನ ಆ ಗೆರೆಯೊಂದೇ.