ಎರಡೂ ಬಾಜೂ ಒಂದೇ ಹಾಡು

ಬೆಳಗಿನ ಐದು ಗಂಟೆ. ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಒಂದು ಅಂಗಡಿಯ ಬಾಗಿಲು ಅರ್ಧ ಎತ್ತಿದೆ. ಒಳಗೆ ಶಟ್ಟೆಪ್ಪ ಸ್ಟೂಲಿನ ಮೇಲೆ ಕುಳಿತು, ಒಂದು ಟೇಪಿನಲ್ಲಿ ಹಾಡು ಹಚ್ಚಿ ಇನ್ನೊಂದು ಟೇಪಿನಲ್ಲಿ ತುಂಬುತ್ತಿದ್ದಾರೆ. ಏಳಕ್ಕೆ ಕರೆಂಟ್ ಹೋಗುತ್ತದೆ. ಅಷ್ಟರಲ್ಲಿ ಎರಡು ಕ್ಯಾಸೆಟ್ಟಾದರೂ ಮುಗಿಯಬೇಕು.

"ಅರವತ್ತರ ಕ್ಯಾಸೆಟ್ಟಿಗೆ ಒಂದು ತಾಸು, ತೊಂಬತ್ತರದ್ದಕ್ಕ ಒಂದೂವರಿ ತಾಸು. ಮಂದಿ ಬರಕೊಟ್ಟ ಚೀಟಿ ನೋಡಿ ಒಂದೊಂದ ಹಾಡು ಹುಡಕಿ ಹಚ್ಚಬೇಕ್ರಿ. ಅಲ್ಲೀತನಕ ನಾನೂ ಕೇಳಕೋತ ಕೂಡಬೇಕು," ಎನ್ನುತ್ತಾರೆ.

ಕೇಳುವುದು ಬಲಗಿವಿಯಲ್ಲಿ ಮಾತ್ರ. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಸದ್ದಿನಲ್ಲಿ ಎಂಟು ವರ್ಷ ದುಡಿದು ಎಡಗಿವಿ ಮಂದವಾಗಿದೆ. ಅರ್ಧ ಕಿವುಡ ಹಾಡಿನ ಅಂಗಡಿ ಇಟ್ಟನೆಂದು ಓಣಿಯವರು ನಕ್ಕಿದ್ದರಂತೆ. ಅದು ೧೯೮೭ರ ಮಾತು. ಹದಿನಾಲ್ಕು ವರ್ಷವಾಯಿತು, ಈಗ ಅದೇ ಓಣಿಯ ಮಕ್ಕಳು ಚೀಟಿ ಹಿಡಿದು ನಿಲ್ಲುತ್ತಾರೆ. ದಿನಕ್ಕೆ ಆರೇಳು ಕ್ಯಾಸೆಟ್ ತುಂಬುತ್ತಾರೆ. ಅಂಗಡಿಯ ಎಡಗೋಡೆಗೆ ಕ್ಯಾಸೆಟ್ಟು, ಬಲಗೋಡೆಗೆ ಪುಸ್ತಕ. ಮುಚ್ಚಿಹೋದ ವಾಚನಾಲಯವೊಂದರಿಂದ ತಂದ ಮುನ್ನೂರು ಚಿಲ್ಲರೆ ಪುಸ್ತಕಗಳನ್ನು ಬೇಕಾದವರು ಒಯ್ದು ಓದಿ ತರುತ್ತಾರೆ.

ಈ ಎರಡು ಗೋಡೆಗಳ ನಡುವೆ ಕುಳಿತು ಕುಳಿತು ಶಟ್ಟೆಪ್ಪನವರಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. "ಮಾರಿ ಸಣ್ಣ ಮಾಡಕೊಂಡ ಕಾಲೇಜ ಹುಡುಗ್ರು ಸೀದಾ ಕ್ಯಾಸೆಟ್ ಕಡೆ ಹೋಗತಾವ್ರಿ. ಪುಸ್ತಕ ಒಯ್ಯೂವು ನಕ್ಕೋತ, ಮಾತಾಡಕೋತ ಬರತಾವು. ಒಂದಲ್ಲ ಎರಡಲ್ಲ, ವರ್ಷಾನುಗಟ್ಟಲೆ ನೋಡೇನಿ."

"ಅಂದರೆ ಹಾಡೇ ಮಕ್ಕಳನ್ನು ಕೆಡಿಸುತ್ತದೆ ಅನ್ನಿ," ಎಂದು ಪತ್ರಿಕೆಗೆ ಬರೆಯಲು ಬಂದಿದ್ದ ನಾನು ಪೆನ್ನು ತೆಗೆದೆ. ಶೀರ್ಷಿಕೆ ಸಿಕ್ಕ ಖುಷಿ ನನಗೆ. ಶಟ್ಟೆಪ್ಪ ನನ್ನ ಪೆನ್ನನ್ನೇ ನೋಡುತ್ತಾರೆ. "ನನಗೂ ಹಂಗ ಅನಿಸಿತ್ತು ಸರ್. ಅಲ್ಲೇ ಎಡವಿದೆ."

ಎಡವಿದ್ದು ಹೋದ ಶ್ರಾವಣದಲ್ಲಿ. ಸಂಪಗಾಂವದಿಂದ ಬಸ್ಸಿಗೆ ಬರುವ ಪಿಯುಸಿ ಹುಡುಗಿ, ಹೆಸರು ಇಲ್ಲಿ ಗಂಗಾ ಎಂದಿರಲಿ, ತೊಂಬತ್ತರ ಖಾಲಿ ಕ್ಯಾಸೆಟ್ ತಂದಿದ್ದಳು. ಚೀಟಿಯಲ್ಲಿ ಒಂದೇ ಹಾಡಿನ ಹೆಸರು. ಕೆಳಗೆ, 'ಎರಡೂ ಬಾಜೂ ಇದೇ ತುಂಬಿರಿ.' ಮೊದಲು ಇಂಥದೇ ಒಂದು ತುಂಬಿಸಿಕೊಂಡು ಹೋದವಳೇ. ಕಣ್ಣ ಕೆಳಗೆ ಕಪ್ಪು. ಈ ಹಾಡೇ ಇವಳನ್ನು ಕೆಡಿಸುತ್ತಿದೆ ಎಂದುಕೊಂಡರು ಶಟ್ಟೆಪ್ಪ. ಕರೆಂಟಿಲ್ಲ ತಂಗಿ ಎಂದು ಸುಳ್ಳು ಹೇಳಿ, ಬಲಗೋಡೆಯಿಂದ ಒಂದು ನಗೆಬರಹದ ಪುಸ್ತಕ ಕೊಟ್ಟು ಕಳಿಸಿದರು. ಹಿರಿಯರು ಕೊಟ್ಟರಲ್ಲ, ಆಕೆ ಇಸಿದುಕೊಂಡಳು. ಮತ್ತೆ ಬರಲಿಲ್ಲ.

ಹದಿನೈದು ದಿನಕ್ಕೆ ಅವಳ ತಾಯಿ ಬಂದರು. "ಕಾಲೇಜ ಬಿಟ್ಟಾಳ್ರಿ ಅಣ್ಣಾರ. ಹಾಸಿಗಿ ಬಿಟ್ಟು ಏಳವಲ್ಲಳು. ಹಳೇ ಕ್ಯಾಸೆಟ್ಟಿನ ರೀಲ್ ಸಿಕ್ಕಿ ಹರದೈತಿ. ಅದು ಇದ್ದಾಗ ಒಂದು ಬಾಜೂ ಮುಗದ ಮ್ಯಾಲೆ ಹೊಳ್ಳಿಸಿ ಹಾಕಾಕರೆ ಏಳತಿದ್ಲು."

ಈ ಮಾತು ಹೇಳುವಾಗ ಶಟ್ಟೆಪ್ಪ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸುತ್ತಾರೆ. ಮರುದಿನವೇ ಬೆಳಗಿನ ಐದಕ್ಕೆ ಕುಳಿತು ಆ ಒಂದೇ ಹಾಡನ್ನು ಹದಿನೆಂಟು ಸಲ ತುಂಬಿದರು, ಹದಿನೆಂಟು ಸಲವೂ ಕೇಳಿದರು, ಬಸ್ಸಿಗೆ ಕಳಿಸಿದರು. "ಕೆಟ್ಟ ಹಾಡಲ್ರಿ ಅದು. ಮೊದಲ ಸಲಕ್ಕ ದುಃಖ ಆತು. ಹತ್ತನೇ ಸಲಕ್ಕ ಯಾರೋ ಬಾಜೂಕ ಕುಂತಂಗ ಆತು."

ತಾಯಿ ಮಗಳನ್ನು ಧಾರವಾಡದ ದವಾಖಾನೆಗೂ ತೋರಿಸಿದ್ದಾರೆ, ಗುಳಿಗೆ ನಡೆದಿವೆ. ಈಗ ಸಂಜೆ ಅಂಗಳಕ್ಕೆ ಬಂದು ಕೂಡುತ್ತಾಳಂತೆ. ಗುಣ ಕೊಟ್ಟದ್ದು ಗುಳಿಗೆಯೋ, ಹಾಡೋ, ತಾಯಿಯೋ? ದುಃಖವಿದ್ದದ್ದಕ್ಕೆ ಹಾಡು ಹುಡುಕಿದಳೋ, ಹಾಡಿನಿಂದ ದುಃಖ ಬಂತೋ? ಓದುವ ಮಕ್ಕಳು ಓದಿದ್ದಕ್ಕೆ ನಗುತ್ತವೆಯೋ, ನಗುವ ಮಕ್ಕಳಿಗೆ ಮಾತ್ರ ಓದಲು ಮನಸ್ಸು ನಿಲ್ಲುತ್ತದೆಯೋ? ನನಗಂತೂ ತಿಳಿಯಲಿಲ್ಲ. ಪುಸ್ತಕ ಏನಾಯಿತು ಎಂದು ಕೇಳಿದೆ.

"ಟೇಪಿನ ಮೇಜು ಕುಂಟತಿತ್ತಂತ, ಕಾಲಿನ ಅಡಿಯಾಗ ಇಟ್ಟಾಳಂತ್ರಿ," ಎಂದು ಶಟ್ಟೆಪ್ಪ ನಗುತ್ತಾರೆ. "ಆದರ ನಲವತ್ತನೇ ಪುಟ ಮಡಚೇತಿ ಅಂದ್ರು ಅವರವ್ವ. ಓದಿ ಮಡಚ್ಯಾಳೋ, ಮೇಜು ಒತ್ತಿ ಮಡಚೇತೋ, ಆ ದೇವರಿಗೇ ಗೊತ್ತು."

ಮೊನ್ನೆ ಆ ತಾಯಿಯ ಕೈಯಲ್ಲಿ ಗಂಗಾಳ ಮತ್ತೊಂದು ಚೀಟಿ ಬಂದಿದೆ. ಶಟ್ಟೆಪ್ಪ ಅದನ್ನು ಟೇಪಿನ ಮೇಲೆಯೇ ಇಟ್ಟುಕೊಂಡಿದ್ದಾರೆ. 'ಒಂದು ಬಾಜೂ ಅದೇ ಹಾಡು ಇರಲಿ. ಇನ್ನೊಂದು ಬಾಜೂ ನಿಮಗೆ ಯಾವುದು ಬೇಕೋ ಅದು ತುಂಬಿರಿ.'

"ಹದಿನಾಲ್ಕು ವರ್ಷ ಮಂದಿ ಬರದದ್ದ ತುಂಬೇನಿ. ನಿಮಗ ಯಾವದು ಬೇಕು ಅಂತ ಕೇಳಿದಾಕಿ ಇಕಿ ಒಬ್ಬಾಕೀನ." ಮೂರು ದಿನವಾದರೂ ಯಾವ ಹಾಡೆಂದು ಅವರಿಗೆ ಹೊಳೆದಿಲ್ಲ. ಇವತ್ತು ಏನಾದರೂ ಸರಿ, ಏಳರೊಳಗೆ ತುಂಬಿ ಮೊದಲ ಬಸ್ಸಿಗೆ ಕಳಿಸಬೇಕು.

ಅವಳು ತೊಂಬತ್ತರ ಕ್ಯಾಸೆಟ್ ಕಳಿಸಿದ್ದಾಳೆ. ಶಟ್ಟೆಪ್ಪ ಅದನ್ನು ಬದಿಗಿಟ್ಟು ತಮ್ಮದೇ ಅರವತ್ತರದೊಂದು ಹೊಸದು ಬಿಚ್ಚುತ್ತಾರೆ. ಹಾಡು ಕಡಿಮೆಯಾಗುವುದಿಲ್ಲವೇ ಎಂದೆ.

"ಆಗಲಿ ಬಿಡ್ರಿ. ತೊಂಬತ್ತರದ್ದಾದ್ರ ಮುಕ್ಕಾಲು ತಾಸು ಮಕ್ಕೊಂಡ ಇರತಾಳ. ಇದಾದ್ರ ಅರ್ಧಾ ತಾಸಿಗೊಮ್ಮೆ ಹೊಳ್ಳಿಸಿ ಹಾಕಾಕ ಏಳಬೇಕಲ್ಲ."